ಇಡೆಲ್ಲಾ ಮನೆಯ ಭಾನುವಾರದ ಊಟ

ಕೋಲ್ಟರ್, ಟೆಕ್ಸಸ್
18 ಆಗಸ್ಟ್ 1986

ಪ್ರೀತಿಯ ಅಕ್ಕ,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ಯಾರೋ ಸತ್ತರು ಅಂದುಕೊಂಡಿರುತ್ತೀಯ. ಯಾರೂ ಸತ್ತಿಲ್ಲ. ನಿನ್ನ ತಮ್ಮನಿಗೆ ಕೆಲಸ ಸಿಕ್ಕಿದೆ. ಇಲ್ಲಿನ ಕೋಲ್ಟರ್ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಸಹಾಯಕ ಕೋಚ್ ಆಗಿ ಸೇರಿದ್ದೇನೆ. ಎದುರಾಳಿ ಚೆಂಡು ಹಿಡಿದು ನುಗ್ಗುವಾಗ ಅಡ್ಡ ಬಿದ್ದು ಕೆಡವುವ ಹುಡುಗರೆಲ್ಲ ನನ್ನ ಸುಪರ್ದಿಗೆ.

ಮುಖ್ಯ ಕೋಚ್ ಸ್ಟ್ರೌಡ್ ಎಂಬಾತ. ನಗುವುದು ಗೊತ್ತಿಲ್ಲ, ಗೆಲ್ಲುವುದು ಗೊತ್ತು. ಈ ಕೆಲಸವೂ ಕೈಬಿಟ್ಟರೆ ನನ್ನ ವಯಸ್ಸಿನವನನ್ನು ಇನ್ನು ಯಾವ ಕಾಲೇಜೂ ಮೂಸುವುದಿಲ್ಲ. ಇನ್ನೊಂದು ಸಲ ಸಾಮಾನು ಕಟ್ಟುವುದಿಲ್ಲ ಎಂದು ಪಾಲೀನ್ ಹೇಳಿಬಿಟ್ಟಿದ್ದಾಳೆ. ಅವಳ ತಪ್ಪಿಲ್ಲ, ಮದುವೆಯಾದಾಗಿನಿಂದ ಅವಳು ಪೆಟ್ಟಿಗೆ ಬಿಚ್ಚಿದ್ದಕ್ಕಿಂತ ಕಟ್ಟಿದ್ದೇ ಹೆಚ್ಚು.

ನವೆಂಬರ್ ಇಪ್ಪತ್ತೆರಡಕ್ಕೆ ನಿನ್ನೂರಿನಲ್ಲೇ ರಾನ್ಸಮ್ ಕಾಲೇಜಿನ ಮೇಲೆ ನಮ್ಮ ಆಟ. ಅವತ್ತು ಯಾರ ಕಡೆ ಕೂಗುತ್ತೀಯ ಎಂದು ಕೇಳುವುದಿಲ್ಲ, ಹೆದರಬೇಡ. ಮನೆ ಹೇಗಿದೆ? ಮಹಡಿಯ ಹಿಂಭಾಗದ ವರಾಂಡ ಗಟ್ಟಿಯಾಗಿದೆಯೇ? ಅಲ್ಲಿ ಕೂತರೆ ಕಾಲೇಜಿನವರು ಅಭ್ಯಾಸ ಮಾಡುವ ಮೈದಾನ ಪೂರ್ತಿ ಕಾಣುತ್ತಿತ್ತು. ಈಗಲೂ ಕಾಣುತ್ತದೆಯೇ, ಇಲ್ಲ ಪೆಕನ್ ಮರ ಬೆಳೆದು ಮುಚ್ಚಿತೇ? ಸುಮ್ಮನೆ ನೆನಪಾಯಿತು.

ನಿನ್ನ
ಹಾರ್ಲನ್


ರಾನ್ಸಮ್ ಸ್ಪ್ರಿಂಗ್ಸ್, ಅಲಬಾಮಾ
29 ಆಗಸ್ಟ್ 1986

ಹಾರ್ಲನ್,

ಕ್ರಿಸ್‌ಮಸ್ ಕಾರ್ಡಿನಲ್ಲಿ ಹೆಸರು ಬರೆಯುವುದಕ್ಕೂ ಹೆಂಡತಿಯನ್ನೇ ಹಚ್ಚುವವನು ಪುಟ ತುಂಬ ಬರೆದಿದ್ದೀಯ. ಅತಿ ವಿನಯ ಧೂರ್ತ ಲಕ್ಷಣ. ಏನು ಬೇಕು ಎಂದು ನೇರವಾಗಿ ಕೇಳಿದ್ದರೆ ಅಂಚೆಚೀಟಿಯಾದರೂ ಸಾರ್ಥಕವಾಗುತ್ತಿತ್ತು.

ಕೆಲಸ ಸಿಕ್ಕಿದ್ದು ಸಂತೋಷ. ನಿಜವಾಗಿ ಸಂತೋಷ. ಪಾಲೀನಳಿಗೆ ಹೇಳು, ಪರದೆಗಳನ್ನು ಈ ಸಲ ಧೈರ್ಯವಾಗಿ ಹೊಲಿಸಲಿ.

ಮನೆ ನಿಂತಿದೆ, ನಾನೂ ನಿಂತಿದ್ದೇನೆ. ಚರ್ಚಿನಲ್ಲಿ ಇನ್ನೂ ಪಿಯಾನೋ ನುಡಿಸುವವಳು ನಾನೇ. ಹೊಸ ಪಾದ್ರಿಗೆ ಹಾಡು ಬೇಗ ಮುಗಿಯಬೇಕು, ಉಪದೇಶ ಮುಗಿಯಬಾರದು. ಮೈದಾನದ ಬೇಲಿಗೆ ಕಾಲೇಜಿನವರು ಹಸಿರು ತಾಡಪಾಲು ಕಟ್ಟಿದ್ದಾರೆ, ಯಾರೂ ಇಣುಕದಿರಲಿ ಎಂದು. ಅದು ನನ್ನ ಮಹಡಿಯ ತನಕ ಬರುವುದಿಲ್ಲ. ಬಟಾಣಿ ಬಿಡಿಸುತ್ತ ಕೂತರೆ ಎಲ್ಲ ಕಾಣುತ್ತದೆ, ಯಾವುದೂ ಅರ್ಥವಾಗುವುದಿಲ್ಲ.

ಆ ಹುಡುಗರಲ್ಲಿ ಕೆಲವರು ಭಾನುವಾರ ಚರ್ಚಿನಿಂದ ನೇರ ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ಅವರಲ್ಲಿ ಲಾವೆಲ್ ಪಿಟ್ಸ್ ಅಂತ ಒಬ್ಬ, ಚೆಂಡು ಎಸೆಯುವವನು, ತಂಡವೆಲ್ಲ ಅವನ ತೋಳಿನ ಮೇಲೆ ನಿಂತಿದೆಯಂತೆ. ಹೋದ ವರ್ಷ ಮೊದಲ ಸಲ ಬಂದಾಗ ಕೋಲಿಗೆ ಅಂಗಿ ತೊಡಿಸಿದ ಹಾಗಿದ್ದ. ತಾಯಿ ಮಿಸಿಸಿಪ್ಪಿಯಲ್ಲಿ ಮೀನಿನ ಕಾರ್ಖಾನೆಯಲ್ಲಿ ಮೀನು ಸೀಳುತ್ತಾಳೆ. ಇವನಿಗೆ ಸೇತುವೆ ಕಟ್ಟುವ ಇಂಜಿನಿಯರ್ ಆಗಬೇಕಂತೆ. ಆಟ ಇರುವ ತನಕ ಕಾಲೇಜು ಓದಿಸುತ್ತದೆ, ಆಟ ನಿಂತರೆ ಇವನೂ ಮೀನು ಸೀಳಬೇಕು. ಇದನ್ನು ಅವನು ನನ್ನ ಕೋಳಿ ತಿನ್ನುತ್ತ ನಗುನಗುತ್ತ ಹೇಳಿದ. ನನಗೆ ನಗು ಬರಲಿಲ್ಲ, ಇನ್ನೊಂದು ತುಂಡು ಹಾಕಿದೆ.

ಇಡೆಲ್ಲಾ


ಕೋಲ್ಟರ್
9 ಸೆಪ್ಟೆಂಬರ್ 1986

ಪ್ರೀತಿಯ ಅಕ್ಕ,

ನಿನ್ನ ನಾಲಿಗೆ ಮೊಂಡಾಗಿಲ್ಲ ಎಂದು ತಿಳಿದು ಪಾಲೀನ್ ಹೊಟ್ಟೆ ಹಿಡಿದು ನಕ್ಕಳು.

ಒಂದು ಮಾತು. ಭಾನುವಾರದ ಆ ಊಟ ಎಷ್ಟು ದಿನದಿಂದ ನಡೆದಿದೆ? ಆ ಪಿಟ್ಸ್ ಹುಡುಗ ಪ್ರತಿ ವಾರವೂ ಬರುತ್ತಾನೆಯೇ? ಕಾಲೇಜಿನವರಿಗೆ ಗೊತ್ತೇ? ಕಾಲೇಜು ಕ್ರೀಡಾ ಸಂಘದ ನಿಯಮದ ಪ್ರಕಾರ ಆಟಗಾರನಿಗೆ ಹೊರಗಿನವರು ಏನನ್ನೂ ಪುಕ್ಕಟೆ ಕೊಡಬಾರದು. ಕಾರಿನಿಂದ ಹಿಡಿದು ಕೋಳಿ ತುಂಡಿನ ತನಕ ಎಲ್ಲ ಒಂದೇ. ಬಂಧುಗಳಾದರೆ ಕೊಡಬಹುದು, ಇಲ್ಲವೇ ಅವನು ಆಟಕ್ಕೆ ಸೇರುವ ಮೊದಲೇ ಮನೆತನದ ಬಳಕೆ ಇದ್ದವರಾದರೆ ಕೊಡಬಹುದು. ನೀನು ಎರಡೂ ಅಲ್ಲ. ನಿನಗೆ ಗೊತ್ತಿರಲಿ ಎಂದು ಬರೆದೆ.

ವರಾಂಡದಿಂದ ಅಭ್ಯಾಸ ನೋಡುವಾಗ ಪಿಟ್ಸ್ ಎಡಗಡೆಗೆ ಓಡಿ ಎಸೆಯುತ್ತಾನೋ ಬಲಗಡೆಗೋ? ಮಾತಿಗೆ ಕೇಳಿದೆ.

ಹಾರ್ಲನ್


ರಾನ್ಸಮ್ ಸ್ಪ್ರಿಂಗ್ಸ್
17 ಸೆಪ್ಟೆಂಬರ್ 1986

ಹಾರ್ಲನ್,

ಮಾತಿಗೆ ಕೇಳಿದೆಯಂತೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ?

ಹಸಿದವನಿಗೆ ಅನ್ನ ಹಾಕುವುದು ತಪ್ಪು ಎಂದು ಯಾವ ಪುಸ್ತಕದಲ್ಲಿ ಬರೆದಿದೆಯೋ ಆ ಪುಸ್ತಕ ಬರೆದವರಿಗೆ ಯಾರೂ ಹೊಟ್ಟೆ ತುಂಬ ಬಡಿಸಿಲ್ಲ. ಅಮ್ಮ ರೈಲು ಹಳಿ ಹಾಕುವವರನ್ನೆಲ್ಲ ಕರೆದು ಉಣ್ಣಿಸುತ್ತಿದ್ದಳು, ಯಾವ ಸಂಘವೂ ಬಂದು ಕೇಳಲಿಲ್ಲ. ಬಂಧು ಬೇಕಂತೆ! ಅಲಬಾಮಾದಲ್ಲಿ ಚರ್ಚಿನ ಒಂದು ಬೆಂಚಿನಲ್ಲಿ ಕೂತವರನ್ನೆಲ್ಲ ಎದ್ದು ನಿಲ್ಲಿಸಿ ಕೇಳು, ಅರ್ಧ ಜನ ನನಗೆ ಕಸಿನ್ ಆಗುತ್ತಾರೆ, ಉಳಿದರ್ಧ ಹಾಗೆ ಹೇಳಿಕೊಳ್ಳುತ್ತಾರೆ.

ಈಗ ನನ್ನ ಪ್ರಶ್ನೆ. ಹೋದ ಗುರುವಾರ ಒಬ್ಬ ಮನುಷ್ಯ ಬಂದು ಬಾಗಿಲು ತಟ್ಟಿದ. ಹಕ್ಕಿ ನೋಡುವ ಹವ್ಯಾಸವಂತೆ, ಕೊರಳಲ್ಲಿ ದುರ್ಬೀನು, ಹೆಗಲಲ್ಲಿ ಮೊಳದುದ್ದ ಮೂತಿಯ ಕ್ಯಾಮೆರಾ.

"ನಿಮ್ಮ ಮಹಡಿ ಹಿಂದಿನ ರೂಮು ಬಾಡಿಗೆಗೆ ಕೊಡ್ತೀರಾ ಮೇಡಂ?"

"ಎಷ್ಟು ದಿನಕ್ಕೆ?"

"ನವೆಂಬರ್ ಇಪ್ಪತ್ತೆರಡರ ತನಕ ಸಾಕು."

"ಹಕ್ಕಿಗಳು ಇಪ್ಪತ್ಮೂರಕ್ಕೆ ಊರು ಬಿಟ್ಟು ಹೋಗ್ತಾವೇನಪ್ಪ?"

ಅವನಿಗೆ ನಗುವುದೋ ಬೇಡವೋ ಗೊತ್ತಾಗಲಿಲ್ಲ. ಸಿಹಿಗೆಣಸಿನ ಪೈ ಕೊಟ್ಟೆ, ಬೇಡ ಎಂದ. ನನ್ನ ಪೈ ಬೇಡ ಎನ್ನುವವನಿಗೆ ಒಂದೋ ಕಾಯಿಲೆ, ಇಲ್ಲ ಮನಸ್ಸಿನಲ್ಲಿ ಕಳ್ಳತನ. ಮರದ ಮೇಲೆ ನೀಲಿ ಜೇ ಹಕ್ಕಿ ಅರಚುತ್ತಿತ್ತು, ಅದೇನು ಎಂದು ಕೇಳಿದರೆ ಗುಬ್ಬಿಯ ಜಾತಿ ಎಂದ. ಒಂದು ತಿಂಗಳಿಂದ ಇಲ್ಲಿ ಹನಿ ಮಳೆಯಿಲ್ಲ, ಅವನ ಕಾರಿನ ನಂಬರಿನ ಮೇಲೆ ಮಾತ್ರ ಗಟ್ಟಿ ಕೆಸರು. ಉಗುರಿನಿಂದ ಕೆರೆದು ನೋಡಿದೆ. ಟೆಕ್ಸಸ್.

ಅವನನ್ನು ಕಳಿಸಿದವನು ನೀನೇ?

ಇಡೆಲ್ಲಾ


ಕೋಲ್ಟರ್
24 ಸೆಪ್ಟೆಂಬರ್ 1986

ಅಕ್ಕ,

ಅಂಥ ಯಾರೂ ನನಗೆ ಗೊತ್ತಿಲ್ಲ. ಟೆಕ್ಸಸ್ ದೊಡ್ಡ ರಾಜ್ಯ, ಹಕ್ಕಿ ನೋಡುವವರು ಬೇಕಾದಷ್ಟು ಜನ ಇದ್ದಾರೆ. ಶನಿವಾರದ ಆಟ ಗೆದ್ದೆವು. ಕೆಲಸ ಬಹಳ.

ಹಾರ್ಲನ್


ರಾನ್ಸಮ್ ಸ್ಪ್ರಿಂಗ್ಸ್
1 ಅಕ್ಟೋಬರ್ 1986

ಹಾರ್ಲನ್,

ನೀನು ಸುಳ್ಳು ಹೇಳುವಾಗ ವಾಕ್ಯಗಳು ಮೊದಲಿನಿಂದಲೂ ಗಿಡ್ಡ. ಫೋನಿನಲ್ಲಾಗಿದ್ದರೆ ಪಟಪಟ ಮಾತಾಡಿ ಮುಚ್ಚಿಹಾಕುತ್ತಿದ್ದೆ. ಅದಕ್ಕೇ ಇನ್ನು ಮೇಲೆ ಏನಿದ್ದರೂ ಬರೆದು ಹೇಳು. ಕಾಗದದ ಮೇಲಿನ ಮಾತನ್ನು ನಾನು ಎರಡು ಸಲ ಓದಬಹುದು.

ಆ ಹಕ್ಕಿಯವನಿಗೆ ರೂಮು ಕೊಡಲಿಲ್ಲ. ಎದುರುಮನೆ ವರ್ನೀಸ್ ಕೊಟ್ಟಿದ್ದಾಳೆ. ಅವಳ ಮನೆಯಿಂದ ಮೈದಾನ ಕಾಣುವುದಿಲ್ಲ, ನನ್ನ ಬಾಗಿಲು ಕಾಣುತ್ತದೆ. ಇದ್ಯಾವ ಹಕ್ಕಿಯಪ್ಪ ನನ್ನ ಬಾಗಿಲಲ್ಲಿ! ಮಧ್ಯಾಹ್ನವಾದರೆ ನನ್ನ ಹಿತ್ತಿಲ ಬೇಲಿಯ ಹತ್ತಿರ ಸುಳಿದಾಡುತ್ತಾನೆ. ನಾನಿಲ್ಲದಾಗ ಮಹಡಿ ಹತ್ತಿ ನೋಡಿಯಾನು ಎಂದು ಅಮ್ಮ ಹೊಲಿದ ಕೌದಿಗಳನ್ನೆಲ್ಲ ಪೆಟ್ಟಿಗೆಯಿಂದ ತೆಗೆದು ಮಹಡಿಯ ವರಾಂಡದ ಉದ್ದಕ್ಕೂ ಇಳಿಬಿಟ್ಟಿದ್ದೇನೆ. ಮಳೆ ಬಂದರೂ ತೆಗೆಯುವುದಿಲ್ಲ. ಈ ಮನೆಯಲ್ಲಿ ನಿಂತು ಯಾರೂ ಯಾರ ಆಟವನ್ನೂ ಕದಿಯುವ ಹಾಗಿಲ್ಲ.

ಮತ್ತೆ ಕೇಳುತ್ತೇನೆ. ವರಾಂಡದ ವಿಷಯ ಸ್ಟ್ರೌಡ್‌ಗೆ ಹೇಳಿದವರು ಯಾರು?

ಇಡೆಲ್ಲಾ


ರಾನ್ಸಮ್ ಸ್ಪ್ರಿಂಗ್ಸ್
16 ಅಕ್ಟೋಬರ್ 1986

ಹಾರ್ಲನ್,

ಉತ್ತರವಿಲ್ಲ. ಅದೂ ಒಂದು ಉತ್ತರವೇ.

ನೀನು ಹುಟ್ಟಿದಾಗ ಅಮ್ಮ ಹಾಸಿಗೆ ಹಿಡಿದಿದ್ದಳು, ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಇಷ್ಟು ವರ್ಷಕ್ಕೆ ನನ್ನ ನೆನಪು ಬಂತು ಎಂದು ಆಗಸ್ಟಿನಲ್ಲಿ ನಿನ್ನ ಪತ್ರವನ್ನು ಚರ್ಚಿಗೆ ಕೊಂಡೊಯ್ದು ಎಲ್ಲರಿಗೂ ತೋರಿಸಿದ್ದೆ. ಈಗ ಯಾರಾದರೂ "ತಮ್ಮ ಹೆಂಗವ್ನೆ ಮಿಸ್ ಇಡೆಲ್ಲಾ?" ಎಂದರೆ ಪಿಯಾನೋ ಪುಸ್ತಕ ತಿರುವುತ್ತೇನೆ. ನಾಚಿಕೆಯಾಗುತ್ತದೆ.

ಇಡೆಲ್ಲಾ


ಕೋಲ್ಟರ್
24 ಅಕ್ಟೋಬರ್ 1986

ಅಕ್ಕ,

ಸರಿ. ಹೇಳಿದವನು ನಾನೇ.

ಕೆಲಸಕ್ಕೆ ಸೇರಿದ ಮೊದಲ ದಿನ ಸ್ಟ್ರೌಡ್ ಎಲ್ಲ ಸಹಾಯಕರನ್ನೂ ಮೇಜಿನ ಸುತ್ತ ಕೂರಿಸಿ, ಒಬ್ಬೊಬ್ಬರೂ ತಂಡಕ್ಕೆ ಏನು ತಂದಿದ್ದೀರಿ ಎಂದು ಕೇಳಿದ. ಒಬ್ಬ ಹೊಸ ವ್ಯೂಹ ತಂದಿದ್ದ, ಒಬ್ಬನಿಗೆ ಊರೂರಿನ ಶಾಲೆಗಳ ಒಳ್ಳೆ ಆಟಗಾರರ ಪರಿಚಯ. ನನ್ನ ಸರದಿ ಬಂದಾಗ ನನ್ನ ಕೈ ಖಾಲಿ. "ರಾನ್ಸಮ್ ಮೈದಾನದ ಮೇಲೇ ನಮ್ಮಕ್ಕನ ವರಾಂಡ ಐತೆ" ಎಂದೆ. ನಗಲಿ ಎಂದು ಹೇಳಿದ್ದು. ಯಾರೂ ನಗಲಿಲ್ಲ. ಮರುದಿನ ಸ್ಟ್ರೌಡ್ ಕರೆದು, "ಅಕ್ಕಂಗೆ ಕಾಗದ ಗೀಗದ ಬರೀತಿರ್ತೀಯೇನಯ್ಯ?" ಎಂದು ಕೇಳಿದ. ಆಗಸ್ಟಿನ ಪತ್ರ ಹುಟ್ಟಿದ್ದು ಹಾಗೆ. ಆದರೆ ಬರೆಯಲು ಕೂತ ಮೇಲೆ ನಿನ್ನ ನೆನಪು ನಿಜವಾಗಿಯೂ ಬಂತು. ನಂಬುವುದು ಬಿಡುವುದು ನಿನಗೆ ಬಿಟ್ಟಿದ್ದು.

ಈಗ ನಾನು ಹೇಳುವುದನ್ನು ಕೇಳು. ಭಾನುವಾರದ ಊಟ ನಿಲ್ಲಿಸು. ಆಟ ಮುಗಿಯುವ ತನಕ ಪಿಟ್ಸ್ ನಿನ್ನ ಹೊಸ್ತಿಲು ದಾಟಬಾರದು. ಯಾಕೆ ಎಂದು ಕೇಳಬೇಡ, ಬರೆಯುವ ಹಾಗಿಲ್ಲ. ಇದೊಂದು ಮಾತು ನಡೆಸಿಕೊಡು.

ಹಾರ್ಲನ್


ರಾನ್ಸಮ್ ಸ್ಪ್ರಿಂಗ್ಸ್
3 ನವೆಂಬರ್ 1986

ಹಾರ್ಲನ್,

ವರಾಂಡ ಸಿಗಲಿಲ್ಲ, ಈಗ ನನ್ನ ಊಟದ ಮೇಜಿಗೆ ಕೈ ಹಾಕಿದೆಯಾ?

ನಿನ್ನ ಉಪಾಯ ಅರ್ಥವಾಗದಷ್ಟು ದಡ್ಡಿ ನಾನಲ್ಲ. ಆಟ ಹತ್ತಿರ ಬಂದಾಗ ಆ ಹುಡುಗನ ಮುಂದೆ ಬಾಗಿಲು ಹಾಕಿಕೊಂಡರೆ ಅವನ ಮನಸ್ಸು ಮುರಿಯುತ್ತದೆ, ತೋಳೂ ಸೋಲುತ್ತದೆ. ನಿನ್ನ ಹುಡುಗರು ಅವನನ್ನು ಸುಲಭವಾಗಿ ಕೆಡವುತ್ತಾರೆ. ಯಾಕೆ ಎಂದು ಕೇಳಬಾರದಂತೆ! ಕೇಳುವುದಕ್ಕೇನಿದೆ, ಕಣ್ಣಿಗೆ ಹೊಡೆಯುವ ಹಾಗಿದೆ.

ನಾನು ಏನು ಮಾಡಿದೆ ಹೇಳಲೇ? ನಿನ್ನೆ ಭಾನುವಾರ ಮೇಜುಗಳನ್ನು ಮನೆಯೊಳಗಿನಿಂದ ಎತ್ತಿಸಿ ಮುಂದಿನ ಅಂಗಳದಲ್ಲಿ ಹಾಕಿಸಿದೆ, ರಸ್ತೆಗೇ ಕಾಣುವ ಹಾಗೆ, ವರ್ನೀಸ್ ಮನೆಯ ಕಿಟಕಿಗೆ ಎದುರಾಗಿ. ಇಡೀ ತಂಡಕ್ಕೆ ಬಾ ಎಂದೆ. ಕೋಳಿ ಕರಿದೆ, ಕಾಲರ್ಡ್ ಸೊಪ್ಪು ಬೇಯಿಸಿದೆ, ಜೋಳದ ರೊಟ್ಟಿ, ಪೀಚ್ ಹಣ್ಣು ಹಾಕಿ ಬೇಯಿಸಿದ ಸಿಹಿ ಕಾಬ್ಲರ್, ಎಲ್ಲ. ಲಾವೆಲ್‌ನನ್ನು ಮೇಜಿನ ತಲೆಗೆ ಕೂರಿಸಿದೆ. ಕದ್ದು ಉಣ್ಣಿಸುವವರು ಒಳಗೆ ಉಣ್ಣಿಸುತ್ತಾರೆ. ನನ್ನದು ಬೆಳಕಿನಲ್ಲಿ.

ಹಕ್ಕಿಯವನು ಕಿಟಕಿಯಲ್ಲೇ ಇದ್ದ. ಅವನ ಕಡೆ ತಿರುಗಿ ಸೊಪ್ಪಿನ ಪಾತ್ರೆ ಎತ್ತಿ ತೋರಿಸಿ, "ಬಾರಪ್ಪಾ, ನಿಂಗೂ ಹಾಕ್ತೀನಿ!" ಎಂದು ಕೂಗಿದೆ. ಹುಡುಗರು ಬಿದ್ದು ಬಿದ್ದು ನಕ್ಕರು.

ಇನ್ನು ಫೋನ್ ಮಾಡಬೇಡ. ನಿನ್ನ ದನಿ ಕೇಳಿದರೆ ಇಟ್ಟುಬಿಡುತ್ತೇನೆ.

ಇಡೆಲ್ಲಾ


ಕೋಲ್ಟರ್
12 ನವೆಂಬರ್ 1986

ಅಕ್ಕ,

ನಾನು ಫೋನ್ ಮಾಡಿದೆ. ನೀನು ಹೇಳಿದ ಹಾಗೇ ಇಟ್ಟುಬಿಟ್ಟೆ. ಮತ್ತೆ ಮಾಡಿದೆ, ನೀನು ಮತ್ತೆ ಇಟ್ಟೆ. ಆಮೇಲೆ ಗಂಟೆ ಹೊಡೆಯಿತು, ನೀನು ಎತ್ತಲೇ ಇಲ್ಲ. ಹಾಗಾಗಿ ತುರ್ತು ಅಂಚೆಯಲ್ಲಿ ಇದನ್ನು ಹಾಕುತ್ತಿದ್ದೇನೆ. ದಯವಿಟ್ಟು ಹರಿಯಬೇಡ, ಕೊನೆಯ ತನಕ ಓದು.

ಊಟ ನಿಲ್ಲಿಸು ಎಂದದ್ದು ಪಿಟ್ಸ್‌ನ ಮನಸ್ಸು ಮುರಿಯಲಿಕ್ಕಲ್ಲ. ಹಕ್ಕಿಯವನು ಸ್ಟ್ರೌಡ್‌ನ ಮನುಷ್ಯ. ಮೈದಾನ ಕಾಣದಂತೆ ನೀನು ಕೌದಿ ಕಟ್ಟಿದ ಮೇಲೆ ಅವನಿಗೆ ಬೇರೆ ಕೆಲಸ ಹತ್ತಿತು. ಭಾನುವಾರ ಆ ಹುಡುಗ ನಿನ್ನ ಮನೆಯಿಂದ ಮುಚ್ಚಿದ ತಟ್ಟೆ ಹಿಡಿದು ಹೊರಬರುವುದನ್ನು ಕಂಡು ಇಲ್ಲಿಗೆ ಸುದ್ದಿ ಕಳಿಸಿದ್ದ. ಮೈದಾನದಲ್ಲಿ ಕೆಡವಲಾಗದವನನ್ನು ನಿಯಮದಲ್ಲಿ ಕೆಡವಬಹುದು ಎಂದು ಸ್ಟ್ರೌಡ್‌ಗೆ ಹೊಳೆಯಿತು. ಗೂಢಚಾರನನ್ನು ಕಳಿಸಿದವನು ನಿಯಮದ ಪುಸ್ತಕ ಕೈಗೆತ್ತಿಕೊಂಡ! ಇದನ್ನು ಆಗಲೇ ಬಿಡಿಸಿ ಬರೆಯಬೇಕಿತ್ತು. ಕೆಲಸದ ಹೆದರಿಕೆ, ಬರೆಯಲಿಲ್ಲ. ಫೋಟೋ ಸರಿಯಾಗಿ ಸಿಗದೆ ಅವರು ಒದ್ದಾಡುತ್ತಿದ್ದರು. ಆಮೇಲೆ ನೀನು ಅಂಗಳದಲ್ಲಿ ಮೇಜು ಹಾಕಿಸಿದೆ.

ಫೋಟೋಗಳನ್ನು ಮೇಜಿನ ಮೇಲೆ ಹರಡಿದಾಗ ನಾನೂ ಇದ್ದೆ. ನಿನ್ನ ಹಳದಿ ಟೋಪಿ, ಕೈಯಲ್ಲಿ ಪಾತ್ರೆ, ನೇರ ನನ್ನನ್ನೇ ನೋಡಿ ಕರೆಯುವ ಹಾಗೆ.

ಸ್ಟ್ರೌಡ್ ಸಂಘಕ್ಕೆ ದೂರು ಕೊಟ್ಟ. ಆ ಹೆಂಗಸಿನ ತಮ್ಮ ಇಲ್ಲೇ ಇದ್ದಾನೆ, ಆ ಹುಡುಗನಿಗೂ ಅವಳಿಗೂ ಏನೂ ಸಂಬಂಧವಿಲ್ಲ ಎಂದು ಅವನೇ ಹೇಳುತ್ತಾನೆ, ಕೇಳಿ, ಎಂದ. ಇವತ್ತು ಬೆಳಿಗ್ಗೆ ಸಂಘದವನು ಬಂದು ನನ್ನ ಮುಂದೆ ಕೂತ. ಸ್ಟ್ರೌಡ್ ನನ್ನ ಪಕ್ಕದಲ್ಲಿ.

"ಪಿಟ್ಸ್ ಮನೆಯವರು ನಿಮಗೇನಾದ್ರೂ ಸಂಬಂಧಾನಾ ಮಿಸ್ಟರ್ ಟಿಬ್ಸ್?"

ಇಲ್ಲ ಎಂದಿದ್ದರೆ ಅದು ನಿಜ. ಕೆಲಸ ಉಳಿಯುತ್ತಿತ್ತು, ಪಾಲೀನಳ ಪರದೆ ಉಳಿಯುತ್ತಿತ್ತು. ಆ ಹುಡುಗ ಮಾತ್ರ ಮೀನು ಸೀಳಲು ಹೋಗುತ್ತಿದ್ದ. ನನ್ನ ಬಾಯಿಂದ ಏನು ಬಂತು ಗೊತ್ತೇ? "ಆಗ್ತಾರಲ್ಲ ಸಾರ್. ಅವನ ತಾಯಿ ನಮ್ಮ ಒಫೀಲಿಯಾ ಚಿಕ್ಕಮ್ಮನ ಮೊಮ್ಮಗಳು. ಹುಟ್ಟಿದಾಗಿಂದ ನಮ್ಮಕ್ಕ ನೋಡವ್ಳೆ" ಎಂದೆ. ಬರೆದುಕೊಂಡ. ಸಹಿ ಹಾಕಿದೆ. ಸ್ಟ್ರೌಡ್ ಎದ್ದುಹೋದ. ನನ್ನ ಖುರ್ಚಿ ಇನ್ನೆಷ್ಟು ದಿನವೋ, ಅದು ಬೇರೆ ಮಾತು.

ಅವನು ನಿನ್ನ ಹತ್ತಿರವೂ ಬರುತ್ತಾನೆ. ಮುಂದಿನ ವಾರ ಎಂದಿದ್ದಾನೆ. ಅದೇ ಪ್ರಶ್ನೆ ಕೇಳುತ್ತಾನೆ. ಒಫೀಲಿಯಾ ಚಿಕ್ಕಮ್ಮನ ಮೊಮ್ಮಗಳ ಮಗ ಎನ್ನು. ಅಷ್ಟು ಸಾಕು, ಅವನು ಆಡುತ್ತಾನೆ. ಹುಡುಗನ ತಾಯಿಗೂ ಹೇಳಿಸಿಡು. ಚಿಕ್ಕಮ್ಮ ಸತ್ತು ಎಷ್ಟೋ ಕಾಲವಾಯಿತು, ಮಕ್ಕಳೆಲ್ಲ ಷಿಕಾಗೋ ಕಡೆ ಚದುರಿಹೋದರು, ಇಲ್ಲ ಎನ್ನುವವರು ಯಾರೂ ಉಳಿದಿಲ್ಲ.

ನೀನು ಸುಳ್ಳು ಹೇಳುವವಳಲ್ಲ, ಗೊತ್ತು. ಆದರೆ ನೀನು ಹಸಿದವರನ್ನು ಎಬ್ಬಿಸಿ ಕಳಿಸುವವಳೂ ಅಲ್ಲ. ಅದನ್ನು ನಂಬಿ ಸಹಿ ಹಾಕಿದ್ದೇನೆ.

ನಿನ್ನ ತಮ್ಮ
ಹಾರ್ಲನ್


ರಾನ್ಸಮ್ ಸ್ಪ್ರಿಂಗ್ಸ್
13 ನವೆಂಬರ್ 1986

ಹಾರ್ಲನ್,

ನಿನ್ನ ಕೆಲಸ ಆಯಿತು. ಪಟಾಕಿ ಹಚ್ಚು.

ಇವತ್ತು ಮಧ್ಯಾಹ್ನ ಕ್ರೀಡಾ ಸಂಘದವನು ಬಂದಿದ್ದ, ಟೆಕ್ಸಸ್‌ನಿಂದ ನೇರ ವಿಮಾನ ಹಿಡಿದು. ಜೊತೆಗೆ ನಮ್ಮ ಕಾಲೇಜಿನ ಡೀನ್ ವಿಟ್‌ಫೀಲ್ಡ್. ಸೋಫಾದ ತುದಿಯಲ್ಲಿ ಕೂತು ಟೋಪಿ ತಿರುವುತ್ತಿದ್ದರು. ನನ್ನ ಅಂಗಳದ ಫೋಟೋಗಳನ್ನು ಪಿಯಾನೋ ಮೇಲೆ ಸಾಲಾಗಿ ಇಟ್ಟರು. ನೀನು ನಿಯಮ ಬರೆದು ತಿಳಿಸಿದ್ದು ಯಾಕೆ ಎಂದು ಆಗ ಗೊತ್ತಾಯಿತು. ಬೇಟೆಗೆ ಮೊದಲು ಬಲೆ ತೋರಿಸಿದ್ದೆ, ನಾನೇ ದಡ್ಡಿ.

"ಯೋಚ್ನೆ ಮಾಡಿ ಹೇಳಿ ಮಿಸ್ ಇಡೆಲ್ಲಾ" ಎಂದರು ಡೀನ್. "ಲಾವೆಲ್ ತಾಯಿ ಕಡೆಯೋರು ನಿಮಗೆ ದೂರದಿಂದಾದ್ರೂ ಆಗ್ಬೇಕಲ್ವಾ? ನಮ್ಮಲ್ಲಿ ಯಾರು ಯಾರಿಗೆ ಕಸಿನ್ ಆಗಲ್ಲ ಹೇಳಿ."

ಅವರ ಕಣ್ಣು ಬೇಡಿಕೊಳ್ಳುತ್ತಿತ್ತು. ಆಗ ಸಂಘದವನು ಚೀಲದಿಂದ ಒಂದು ಕಾಗದ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡ. ಕೆಳಗೆ ನಿನ್ನ ಸಹಿ. ಆ ವಕ್ರ 'ಟಿ' ನನಗೆ ಗೊತ್ತಿಲ್ಲವೇ, ಬರೆಯಲು ಕಲಿಸಿದವಳೇ ನಾನು.

"ನಿಮ್ಮ ತಮ್ಮನ ಹೇಳಿಕೆ ನಮ್ಮ ಹತ್ರ ಇದೆ ಮೇಡಂ" ಎಂದ. "ಈಗ ನೀವು ಹೇಳಿ."

ಅದರಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯ ಇತ್ತೇ? ನೀನು ಇಲ್ಲ ಎಂದ ಮೇಲೆ ನಾನು ಹೌದು ಎಂದರೆ ಅಲ್ಲೇ ಸಿಕ್ಕಿಬೀಳುತ್ತಿದ್ದೆ, ಸುಳ್ಳಿನ ಪಾಪ ಆ ಹುಡುಗನ ತಲೆಗೂ ಸುತ್ತುತ್ತಿತ್ತು. ನಾನು ನೆಟ್ಟಗೆ ಕೂತು ಹೇಳಿದೆ: "ಇಲ್ಲ. ಹೋದ ವರ್ಷದ ತನಕ ಆ ಹುಡುಗನ ಮುಖಾನೂ ನೋಡಿರಲಿಲ್ಲ. ಹಸಿದಿದ್ದ, ಊಟ ಹಾಕಿದೆ. ನಮ್ಮನೇಲಿ ಸುಳ್ಳು ಹೇಳೋ ಪದ್ಧತಿ ಇಲ್ಲ ಸಾರ್, ಅದು ನನ್ನ ತಮ್ಮ ಒಬ್ಬನೇ ಕಲಿತದ್ದು."

ಸಂಘದವನು ಪೆನ್ನು ಕೆಳಗಿಟ್ಟು ನನ್ನನ್ನು ಬಹಳ ಹೊತ್ತು ನೋಡಿದ. ನಾನು ಸುಳ್ಳು ಹೇಳಿ ಸಿಕ್ಕಿಬೀಳುತ್ತೇನೆ ಎಂದು ಕಾದಿದ್ದನೋ ಏನೋ, ಮುಖ ಸಪ್ಪಗಾಯಿತು. "ಖಂಡಿತಾನಾ ಮೇಡಂ?" ಎಂದ. ಖಂಡಿತ ಎಂದೆ. ಡೀನ್ ಕಣ್ಣು ಮುಚ್ಚಿಕೊಂಡರು.

ಆ ಹುಡುಗ ಇನ್ನು ಆಡುವುದಿಲ್ಲ. ನಿನ್ನ ಸ್ಟ್ರೌಡ್‌ಗೆ ನನ್ನ ಅಭಿನಂದನೆ ತಿಳಿಸು. ನನಗೆ ತಮ್ಮ ಇದ್ದ ಎಂಬುದನ್ನು ಇವತ್ತಿಗೆ ಮರೆಯುತ್ತೇನೆ.

ಇಡೆಲ್ಲಾ


ರಾನ್ಸಮ್ ಸ್ಪ್ರಿಂಗ್ಸ್
24 ನವೆಂಬರ್ 1986

ಹಾರ್ಲನ್, ನನ್ನ ಕಂದ,

ನಿನ್ನ ಹನ್ನೆರಡನೇ ತಾರೀಖಿನ ಪತ್ರ ಹದಿನಾಲ್ಕಕ್ಕೆ ಬಂತು. ಮುಂದಿನ ವಾರ ಎಂದಿದ್ದ ಸಂಘದವನು ಅದರ ಹಿಂದಿನ ದಿನವೇ ಬಂದು ಹೋಗಿದ್ದ. ಅಂಚೆಯವನ ಕೈಯಿಂದ ತೆಗೆದುಕೊಂಡು, ಒಡೆಯದೆ ಒಲೆಗೆ ಹಾಕಬೇಕೆಂದು ಅಡುಗೆಮನೆಯ ತನಕ ಹೋಗಿದ್ದೆ. ಯಾಕೋ ಒಡೆದೆ. ನಿಂತಲ್ಲೇ ಎರಡು ಸಲ ಓದಿದೆ.

ಡೀನ್ ಮನೆಗೆ ಓಡಿದೆ. ನಾನು ಹೇಳಿದ್ದು ತಪ್ಪು, ವಯಸ್ಸಾಯಿತು, ಮರೆವು, ಒಫೀಲಿಯಾ ಚಿಕ್ಕಮ್ಮನ ಮೊಮ್ಮಗಳು ಹೌದು ಎಂದೆಲ್ಲ ಹೇಳಿದೆ. "ಆಗೋಯ್ತು ಮಿಸ್ ಇಡೆಲ್ಲಾ" ಎಂದರು ಅವರು. "ನೀವು ಅಷ್ಟು ಖಡಾಖಂಡಿತ ಹೇಳಿದ ಮೇಲೆ ಇನ್ನು ನಂಬೋರು ಯಾರು?" ನೀನು ಸುಳ್ಳು ಹೇಳಿಕೆ ಕೊಟ್ಟೆ ಎಂದು ಸಂಘದವರು ನಿನ್ನನ್ನು ಇನ್ನು ಯಾವ ಕಾಲೇಜಿನಲ್ಲೂ ಕೋಚ್ ಆಗದ ಹಾಗೆ ಮಾಡಿದ ಸುದ್ದಿಯನ್ನೂ ಅವರೇ ಹೇಳಿದರು. ಸ್ಟ್ರೌಡ್‌ಗೆ ಏನೂ ಆಗಲಿಲ್ಲವಂತೆ. ಹಕ್ಕಿ ನೋಡುವುದು ಯಾರಿಗೂ ನಿಷೇಧವಿಲ್ಲವಲ್ಲ. ಶನಿವಾರದ ಆಟ ನಿನ್ನ ಕಾಲೇಜು ಗೆದ್ದಿತು. ನಾನು ಕಿಟಕಿ ಮುಚ್ಚಿಕೊಂಡಿದ್ದೆ, ಆದರೂ ಕೂಗು ಕೇಳಿಸುತ್ತಿತ್ತು.

ನಿನಗೆ ಫೋನ್ ಮಾಡಿದೆ. ಪಾಲೀನ್ ಎತ್ತಿ, ನನ್ನ ದನಿ ಕೇಳಿ, ಇಟ್ಟಳು. ಅವಳಿಗೆ ಆ ಹಕ್ಕು ಇದೆ.

ಊರಿನಲ್ಲಿ ನನಗೆ ಬೈಯುವವರೂ ಇದ್ದಾರೆ, ಹೊಗಳುವವರೂ ಇದ್ದಾರೆ. ಹೊಗಳುವವರೇ ಹೆಚ್ಚು ಕಷ್ಟ. ಪ್ರಾಣ ಹೋದರೂ ನಿಜ ಬಿಡದ ಹೆಂಗಸು ಎಂದು ನಿನ್ನೆ ಪಾದ್ರಿ ವೇದಿಕೆಯ ಮೇಲೆ ನಿಂತು ನನ್ನ ಹೆಸರು ಹೇಳಿದ. ನಾನು ಪಿಯಾನೋ ಮುಂದೆ ತಲೆ ತಗ್ಗಿಸಿ ಕೂತಿದ್ದೆ, ಅದನ್ನೂ ವಿನಯ ಅಂದುಕೊಂಡರು.

ಚರ್ಚಿನಿಂದ ಬಂದಾಗ ಲಾವೆಲ್ ಮೆಟ್ಟಿಲ ಮೇಲೆ ಕೂತಿದ್ದ. ಮಿಸಿಸಿಪ್ಪಿ ಬಸ್ಸಿಗೆ ಹೊರಟಿದ್ದಾನೆ. ಆಟವಿಲ್ಲದ ಮೇಲೆ ಹಾಸ್ಟೆಲು ಯಾಕೆ ಎಂದು ಕೋಣೆ ಬಿಡಿಸಿದರಂತೆ. ತಾಯಿ ಕೆಲಸ ಮಾಡುವ ಕಾರ್ಖಾನೆಯಲ್ಲೇ ಜಾಗ ಇದೆಯಂತೆ. ನಿನ್ನ ವಿಷಯವನ್ನು ಡೀನ್ ಅವನಿಗೂ ಹೇಳಿದ್ದಾರೆ.

"ನಿಮ್ಮ ತಮ್ಮ ನನ್ನ ಮುಖಾನೇ ನೋಡಿಲ್ಲ" ಎಂದ. "ಆದ್ರೂ ಅವರು ನಮ್ಮೋನು ಅಂದ್ರಂತೆ, ಹೌದಾ?"

"ಹೌದು ಮಗಾ."

"ನೀವು ನಂಗೆ ವರ್ಷಪೂರ್ತಿ ಊಟ ಹಾಕಿದ್ರಿ ಮಿಸ್ ಇಡೆಲ್ಲಾ. ನೀವ್ಯಾಕೆ ಅಲ್ಲ ಅಂದ್ರಿ?"

ಸಿಟ್ಟಿನಿಂದ ಕೇಳಲಿಲ್ಲ, ಹಾರ್ಲನ್. ತಿಳಿಯದೆ ಕೇಳಿದ. ನಾನು ಸುಳ್ಳು ಹೇಳುವವಳಲ್ಲ ಎಂದು ಬಾಯಿಗೆ ಬಂತು. ನಿನಗೂ ಹಾಗೇ ಬರೆದಿದ್ದೆ, ಊರೂ ಅದನ್ನೇ ನಂಬಿದೆ. ಅದು ನಿಜವಲ್ಲ. ಡೀನ್ ಕೇಳಿದಾಗ ಹೌದು ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಆ ಹುಡುಗನಿಗಾಗಿ ಬೈಬಲ್ ಮುಟ್ಟಿಯೂ ಹೇಳುತ್ತಿದ್ದೆ. ನಿನ್ನ ಸಹಿ ಕಂಡ ಮೇಲೆ ನುಂಗಿಕೊಂಡೆ.

ಅವನಿಗೂ ಅದನ್ನೇ ಹೇಳಿದೆ. "ನನ್ನ ತಮ್ಮನ್ನ ನಾನು ನಂಬಲಿಲ್ಲ ಮಗಾ. ಅದಕ್ಕೆ."

ಅವನು ಎದ್ದು ನಿಂತ. "ಅವರು ನಿಮ್ಮನ್ನ ನಂಬಿದ್ರು" ಎಂದ. ಚೀಲ ಎತ್ತಿಕೊಂಡು ಹೋದ. ಒಳಗೆ ಬಂದು ಉಂಡು ಹೋಗು ಎನ್ನಲು ನನಗೆ ಬಾಯಿ ಬರಲಿಲ್ಲ.

ನಿನ್ನ ಅಕ್ಕ
ಇಡೆಲ್ಲಾ